ನಿಂತ ಮಗ್ಗದ ಸದ್ದು

ಪಾಲಿಯೆಸ್ಟರ್, ಅಂದರು ಡಾಕ್ಟರ್ ವಿಲ್ಚೆಕ್, ಹನ್ನೊಂದು ವರ್ಷದ ಹಿಂದೆ,
ನನ್ನ ಹೊಟ್ಟೆಯೊಳಗೆ ಹೊಲಿಯಲಿದ್ದ ಕೊಳವೆಯನ್ನು
ಬೆರಳಿಗೆ ಸಿಕ್ಕಿಸಿ ತೋರಿಸುತ್ತ.
ಬಿಳಿ. ಅಕಾರ್ಡಿಯನ್ನಿನ ಹಾಗೆ ನೆರಿಗೆ ನೆರಿಗೆ.
ಪಕ್ಕದಿಂದೊಂದು ಕವಲು, ಗೊಂಬೆಯ ಅಂಗಿತೋಳಿನಷ್ಟು,
ಎಡ ಮೂತ್ರಪಿಂಡಕ್ಕೆ.
ನಾನು ಕೇಳಿದೆ: ನೇಯ್ದದ್ದೋ, ಹೆಣೆದದ್ದೋ?
ಸೆಂಟಿಮೀಟರಿಗೆ ಎಷ್ಟು ಎಳೆ?
ಅವರಿಗೆ ಗೊತ್ತಿರಲಿಲ್ಲ.
ಮೂವತ್ತೊಂದು ವರ್ಷ ಹದಿನಾಲ್ಕನೆಯ ಮಗ್ಗದ ಮುಂದೆ ನಿಂತವಳು
ಬಟ್ಟೆಯ ಗುಣ ತಿಳಿಯದವರ ಕೈಗೆ ಹೊಟ್ಟೆ ಕೊಟ್ಟು ಮಲಗಿದೆ.

ನಮ್ಮೂರು ವುಚ್. ಹೆಸರಿಗೆ ದೋಣಿ ಎಂದರ್ಥ.
ದೋಣಿ ಬಿಡಲು ನದಿಯೆಲ್ಲಿ ಎಂದು ಹೊರಗಿನವರು ನಗುತ್ತಾರೆ.
ಇವೆ. ಊರು ಬೆಳೆಸಿದವರು ಕೊಳವೆಗೆ ತುರುಕಿ
ಮೇಲೆ ಕಲ್ಲು ಹಾಸಿಬಿಟ್ಟರು.
ಮಾರ್ಚಿನಲ್ಲಿ ಹಿಮ ಕರಗುವಾಗ ಬೀದಿಯ ಜಾಲರಿಗೆ ಕಿವಿಗೊಟ್ಟರೆ
ಕೆಳಗೆ ಓಡುವುದು ಕೇಳುತ್ತದೆ.
ನನ್ನ ಬಲಗಿವಿಗೆ ಮಾತ್ರ. ಎಡಗಿವಿ ಗಿರಣಿಯಲ್ಲೇ ಉಳಿಯಿತು.

ಹಲ್ಲು ಕೀಳಿಸಬೇಕಿತ್ತು. ರಕ್ತ ತೆಳುವಾಗಿಸುವ ಮಾತ್ರೆ
ನಾಲ್ಕು ದಿನ ಬಿಡಿ ಅಂದರು. ಬಿಟ್ಟೆ. ಹಲ್ಲು ಹೋಯಿತು.
ಐದನೆಯ ದಿನ ಬಂತು, ಆರನೆಯದೂ ಬಂತು,
ಡಬ್ಬಿ ಅಡುಗೆಮನೆಯ ಕಿಟಕಿಯಲ್ಲೇ, ಮೊಳೆತ ಈರುಳ್ಳಿಯ ಹಿಂದೆ.
ಮರೆತೆ ಎನ್ನಲೇ? ಆ ತಿಂಗಳು ಕಲ್ಲಿದ್ದಲು ತುಟ್ಟಿಯಾಗಿತ್ತು ಎನ್ನಲೇ?
ಎರಡೂ ನಿಜ.
ಮಗಳಿಗೆ ಮೊದಲನೆಯದನ್ನಷ್ಟೇ ಹೇಳಿದ್ದೇನೆ.

ಇಪ್ಪತ್ತೆರಡನೆಯ ರಾತ್ರಿ ಎಡಪಕ್ಕೆ ಹಿಂಡಿತು.
ಉಪ್ಪುಮೀನು ಹೆಚ್ಚಾಯಿತೆಂದುಕೊಂಡೆ. ಬಿಸಿನೀರಿನ ಚೀಲ ಒತ್ತಿಕೊಂಡೆ.
ಹಲ್ಶ್ಕಾ ಕೆಳಮಹಡಿಯಿಂದ ಸಬ್ಬಸಿಗೆ ಬೀಜದ ಕಷಾಯ ತಂದಳು.
ಕಕ್ಕಿದೆ.
ಒಂದು ಹಗಲು, ಒಂದು ರಾತ್ರಿ, ಇನ್ನರ್ಧ ಹಗಲು.

ಗಿರಣಿಯಲ್ಲಿ ಹೀಗಿರಲಿಲ್ಲ.
ಕೂದಲಿಗಿಂತ ತೆಳ್ಳಗಿನ ಒಂದೇ ಒಂದು ಎಳೆ ಹರಿದರೂ
ಉಕ್ಕಿನ ಸಣ್ಣ ನಾಲಿಗೆಯೊಂದು ಕೆಳಗೆ ಬಿದ್ದು
ಇಡೀ ಮಗ್ಗ ಗಕ್ಕನೆ ನಿಲ್ಲುತ್ತಿತ್ತು.
ನಲವತ್ತು ಮಗ್ಗಗಳ ಗದ್ದಲದಲ್ಲಿ ನಮಗೆ ಕೇಳುತ್ತಿದ್ದುದು
ನಿಂತ ಆ ಒಂದರ ಸದ್ದು.
ಮೈಗೆ ಅಂಥ ನಾಲಿಗೆ ಇಲ್ಲ.
ಕವಲಿನಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿತು,
ಎದೆ ತನ್ನ ಪಾಡಿಗೆ ಬಡಿಯಿತು,
ನಾನು ಬೆಕ್ಕಿಗೆ ಹಾಲು ಹಾಕಿದೆ.
ಒಳಗೊಬ್ಬಳು ನೂಲು ಬಾರದ ಮಗ್ಗದ ಮುಂದೆ
ಖಾಲಿ ಲಾಳಿ ಎಸೆಯುತ್ತ ನಿಂತೇ ಇದ್ದಳು.

ಆಸ್ಪತ್ರೆಯ ಹುಡುಗ ತಣ್ಣನೆಯ ಜೆಲ್ ಸವರಿ
ಬಲಕ್ಕೆ ಒತ್ತಿದ: ಹುಶ್ಶ್, ಹುಶ್ಶ್.
ಎಡಕ್ಕೆ ಒತ್ತಿದ. ಮತ್ತೆ ಒತ್ತಿದ. ಗುಂಡಿ ತಿರುಗಿಸಿದ.
ಸ್ವಲ್ಪ ತಾಳಿ, ಬೊಗುಮಿವಾ ಅವರೇ.
ತಾಳುವುದೇನು ಮಗಾ,
ನನಗೆ ಆಗಲೇ ಕೇಳಿಸಿತು.

ತೊಡೆಸಂದಿನಿಂದ ತಂತಿ ತೂರಿಸಿ ಹೆಪ್ಪು ಕರಗಿಸಿದರು.
ಬಂದದ್ದು ತಡವಾಯಿತು, ಅರ್ಧ ಉಳಿದಿದೆ, ಅಂದರು ವಿಲ್ಚೆಕ್.
ಈಗ ಅವರ ಹುಬ್ಬೂ ಬಿಳಿ.
ಮಿಕ್ಕರ್ಧ ಒಣಗಿ ಸುರುಟಿಕೊಳ್ಳುತ್ತದಂತೆ,
ಬಿಸಿನೀರಿಗೆ ಬಿದ್ದ ಉಣ್ಣೆಯ ಹಾಗೆ (ಇದು ನನ್ನ ಮಾತು).
ಕೊಳವೆಯ ಬಟ್ಟೆ ಕೆಟ್ಟಿರಲಿಲ್ಲ ಎಂದೂ ಅಂದರು, ಮೆಲ್ಲಗೆ.
ನಾನೇನು ಬಟ್ಟೆಯನ್ನು ದೂರುವವಳೇ.

ಗಿರಣಿ ಮುಚ್ಚಿದ ದಿನ ಕೋಟಿನೊಳಗೆ ಬಚ್ಚಿಟ್ಟು ತಂದ
ಲೆಕ್ಕದ ಪುಸ್ತಕವೊಂದಿದೆ.
ಪಾಳಿ, ಮಗ್ಗದ ಸಂಖ್ಯೆ, ನೇಯ್ದ ಮೀಟರು.
ಈಗ ಬೆಳಿಗ್ಗೆ ಅಳತೆಯ ಜಾಡಿಯನ್ನು ಬೆಳಕಿಗೆ ಹಿಡಿದು
ಮೀಟರಿನ ಕೆಳಗೆ ಮೂತ್ರದ ಲೆಕ್ಕ ಬರೆಯುತ್ತೇನೆ.
ಆಲೂಗಡ್ಡೆ ಎರಡು ಸಲ ನೆನೆಸಿ ನೀರು ಚೆಲ್ಲುತ್ತೇನೆ.
ಹಲ್ಶ್ಕಾಳ ಬೀಟ್‌ರೂಟ್ ಸಾರಿನ
ಪರಿಮಳವನ್ನಷ್ಟೇ ಕುಡಿಯುತ್ತೇನೆ.

ಸೋಮವಾರ ಎಂಟುನೂರ ಎಪ್ಪತ್ತು.
ಮಂಗಳವಾರ ಒಂಬೈನೂರ ಹತ್ತು.
ಬುಧವಾರ ಜಾಡಿ ಕೈಜಾರಿ ಒಡೆಯಿತು.
ಖಾಲಿ ಬಿಡಲು ಮನಸ್ಸಾಗದೆ,
ನಮ್ಮ ಮೇಲ್ವಿಚಾರಕಿ ಬರೆಯುತ್ತಿದ್ದಂತೆಯೇ, ಬರೆದೆ:
ಮಗ್ಗ ನಡೆದಿತ್ತು. ಬಟ್ಟೆ ಅಳೆದಿಲ್ಲ.